ಸ್ವೇದವಸ್ತ್ರ ಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಏಪ್ರಿಲ್ ತಿಂಗಳಲ್ಲಿ ಬನಶಂಕರಿಯಿಂದ ಬಿ.ಟಿ.ಎಂ. ಲೇಔಟಿಗೆ ಸೈಕಲ್ ತುಳಿದುಕೊಂಡು ಆಫೀಸಿಗೆ ಹೊರಟವನು. ವಿಷಯ: ಬೆವರು. ಪ್ರಯೋಜನ: ಲಿಫ್ಟಿನಲ್ಲಿ ಮಿಕ್ಕವರು ಉಸಿರು ಬಿಗಿಹಿಡಿಯದಿರುವುದು. ಸಂಬಂಧ: ಬೆನ್ನಿಗೂ ಅಂಗಿಗೂ ಇರುವಂಥದ್ದು, ಕೆಲವೊಮ್ಮೆ ಬಿಡಿಸಲಾಗದ್ದು.

ಬೆಂಗಳೂರಲ್ಲಿ ಎಂಥ ಸೆಖೆ ಎಂದು ಮಂಗಳೂರಿನವರೂ ರಾಯಚೂರಿನವರೂ ಪೂರ್ವಪಕ್ಷ ಹೂಡುವುದುಂಟು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರು, ನಿಜ. ಆದರೆ 2016ರ ಏಪ್ರಿಲಿನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ. ಹವಾಮಾನ ಇಲಾಖೆಯ ಈ ಶಬ್ದಪ್ರಮಾಣದೆದುರು ಆ ಪಕ್ಷ ನಿಲ್ಲದು.

ಇನ್ನು ಮತಗಳು. ಕಾಟನ್ನಿನವರು ಅದ್ವೈತಿಗಳು. ಬೆವರು ಬೇರೆಯಲ್ಲ, ಬಟ್ಟೆ ಬೇರೆಯಲ್ಲ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ತೋರುತ್ತಿದ್ದ ಭೇದ ನಾಲ್ಕನೇ ಬ್ಲಾಕ್ ಮುಟ್ಟುವಷ್ಟರಲ್ಲಿ ಅಳಿದು, ಅಂಗಿ ಬೆನ್ನಿಗೆ ಅಂಟಿ ಒಂದೇ ಆಗಿಬಿಡುತ್ತದೆ. ಪಾಲಿಯೆಸ್ಟರ್ ಜೆರ್ಸಿಯವರು ದ್ವೈತಿಗಳು. ಅವರ ಎಳೆ ತನ್ನೊಳಗೆ ಬಿಟ್ಟುಕೊಳ್ಳುವ ತೇವ ತೂಕದ ಶೇ. 0.4 ಮಾತ್ರ, ಹತ್ತಿಯದು ಶೇ. 8ರ ಆಸುಪಾಸು. ಹಾಗಾಗಿ ಬೆವರು ಎಳೆಗಳ ಸಂದಿಯಲ್ಲಿ ಹರಿದು ಹೊರಮೈಗೆ ಬಂದು ಆರುತ್ತದೆ, ಭೇದ ನಿತ್ಯ. ಆದರೆ ಈ ಮತದಲ್ಲಿ ವಾಸನಾಕ್ಷಯಕ್ಕೆ ದಾರಿಯಿಲ್ಲ. ಮೈಜಿಡ್ಡು ಪಾಲಿಯೆಸ್ಟರಿಗೆ ಕಚ್ಚಿಕೊಂಡು, ಒಗೆದರೂ ಹೋದ ವಾರದ ಸವಾರಿ ಈ ವಾರವೂ ಬೆನ್ನು ಬಿಡದು. ಮೆರಿನೊ ಉಣ್ಣೆಯವರು ವಿಶಿಷ್ಟಾದ್ವೈತಿಗಳು. ಶೇ. 16ರಷ್ಟು ತೇವ ಎಳೆಯೊಳಗೇ ಅಡಗಿರುತ್ತದೆ, ಹೊರಮೈ ಒಣಗಿದಂತೆಯೇ ಇರುತ್ತದೆ, ವಾಸನೆಯೂ ಕಡಿಮೆ. ಸಿದ್ಧಾಂತ ಸೊಗಸು, ದರ ಕೇಳಿದ ಮೇಲೆ ವೈರಾಗ್ಯ. ಚಳ್ಳಕೆರೆ ಕಂಬಳಿಯೂ ಉಣ್ಣೆಯೇ ತಾನೇ ಎನ್ನುವವರೊಡನೆ ವಾದ ಬೇಡ. ಅದನ್ನೇ ಹೊದಿಸಿ ಸೈಕಲ್ ಹತ್ತಿಸುವುದೇ ಉತ್ತರ.

ರೇಷ್ಮೆಯ ಮಾತೆತ್ತದಿದ್ದರೆ ಸಿಲ್ಕ್ ಬೋರ್ಡಿಗೆ ಅಪಚಾರ. ಅಲ್ಲಿನ ಸಿಗ್ನಲ್ಲಿನಲ್ಲಿ ನಿಂತವನ ಹೆಗಲ ಮೇಲೆ ಹುಳು ಬಿಟ್ಟರೆ ಹಸಿರು ದೀಪ ಬರುವುದರೊಳಗೆ ಗೂಡು ಕಟ್ಟಿ ಮುಗಿಸೀತು.

ಮೂರೂ ಮತದವರು ಮರೆತದ್ದು ಈ ಸಿಗ್ನಲ್ಲನ್ನೇ. ಒಂದು ಲೀಟರ್ ಬೆವರು ಆರಿದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಟುಹೋಗುತ್ತದೆ. ಆದರೆ ಆರಬೇಕು, ತೊಟ್ಟಿಕ್ಕಿದ ಬೆವರಿಗೆ ಫಲವಿಲ್ಲ. ಆರಲು ಗಾಳಿ ಬೇಕು, ಗಾಳಿಗೆ ಸೈಕಲ್ ಓಡಬೇಕು. ರಾಗಿಗುಡ್ಡದ ಬಳಿ ಎರಡಂತಸ್ತಿನ ಮೇಲ್ಸೇತುವೆಯಡಿ ನೆರಳೇನೋ ಉಂಟು, ಜೊತೆಗೆ ಪಕ್ಕದ ಬಸ್ಸಿನ ಎಂಜಿನ್ನಿನ ಬಿಸಿಯೂ. ಅಲ್ಲಿ ನಿಂತ ಮೇಲೆ ದುಬಾರಿ ಜೆರ್ಸಿಯೂ ಹಳೇ ಅಂಗಿಯೂ ಸಮಾನ. ಜಯನಗರದಲ್ಲಿ 2012ರಲ್ಲಿ ಸೈಕಲ್ಲಿಗೆಂದೇ ಪಥ ಮಾಡಿದ್ದರು. ಅದರ ಮೇಲೆ ಕಾರುಗಳು ಸಮಾಧಿಸ್ಥಿತಿಗೆ ಹೋದವು.

ಪ್ರತ್ಯಕ್ಷಪ್ರಮಾಣ ಬೇಕಾದವರು ಬೆಳಗ್ಗೆ ಸೈಕಲ್ಲಿನಲ್ಲಿ ಸೊಪ್ಪು ಮಾರುವವರನ್ನು ನೋಡಬೇಕು. ಒಗೆದೊಗೆದು ತೆಳ್ಳಗಾದ ಚೌಕುಳಿ ಅಂಗಿ, ಒಂದಳತೆ ದೊಡ್ಡದು; ಮೇಲಿನೆರಡು ಗುಂಡಿ ಬಿಚ್ಚಿದೆ; ಕಾಲರಿನೊಳಗೆ ಮಡಿಸಿದ ಕರ್ಚೀಫು. ಕುತ್ತಿಗೆಯ ಬೆವರು ಕರ್ಚೀಫಿಗೆ, ಗಾಳಿ ಎದೆಗೆ. ಯಾವ ಭಾಷ್ಯಕಾರನೂ ಇಷ್ಟು ಅಚ್ಚುಕಟ್ಟಾಗಿ ಬರೆದಿಲ್ಲ.

ಆದ್ದರಿಂದ ನಿರ್ಣಯ: ಭಾನುವಾರ ಬೆಳಗ್ಗೆ ತುರಹಳ್ಳಿ ಕಡೆಗೆ ತಡೆಯಿಲ್ಲದೆ ತುಳಿಯುವವನು ದ್ವೈತಿಯಾಗಲಿ. ಊರೊಳಗೆ ಅರ್ಧ ಗಂಟೆಯ ದಾರಿಗೆ ತೆಳು, ಸಡಿಲ, ತಿಳಿಬಣ್ಣದ ಕಾಟನ್ ಸಾಕು. ಬ್ಯಾಗಿನಲ್ಲಿ ಇನ್ನೊಂದು ಅಂಗಿ ಇರಲಿ. ಜೀನ್ಸಿಗೆ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವೂ ಇಲ್ಲ. ಇನ್ನು ಆಫೀಸು ನಡೆಸುವ ಮಹನೀಯರಲ್ಲಿ ಒಂದು ಅರಿಕೆ: ಒಂದು ನಲ್ಲಿ, ಬಾಗಿಲಿರುವ ಒಂದು ಬಚ್ಚಲು, ಒದ್ದೆ ಅಂಗಿ ನೇತುಹಾಕಲು ಎರಡು ಮೊಳೆ. ಇಷ್ಟು ಮಾಡಿಕೊಡಿ, ಬಟ್ಟೆಯ ಜಗಳ ನಾವು ಬಗೆಹರಿಸಿಕೊಳ್ಳುತ್ತೇವೆ.