ಸೆಂಟಿನೆಲ್-5ಪಿ ಉಪಗ್ರಹಕ್ಕೆ ಕುಡ್ಲದಿಂದ (ಮಂಗಳೂರಿನಿಂದ) ಬಹಿರಂಗ ಪತ್ರ

ಮಾನ್ಯ ಸೆಂಟಿನೆಲ್-5ಪಿ ಅವರೇ,

2017ರ ಅಕ್ಟೋಬರ್‌ನಲ್ಲಿ ಯುರೋಪಿನವರು ನಿಮ್ಮನ್ನು ಮೇಲೇರಿಸಿದಂದಿನಿಂದ ದಿನಾ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, 824 ಕಿ.ಮೀ. ಎತ್ತರದಲ್ಲಿ ಹಾದುಹೋಗುತ್ತಿದ್ದೀರಿ. ನಾವು ಊಟಕ್ಕೆ ಕೂರುವ ಹೊತ್ತದು. ಹೇಳದೆ ಕೇಳದೆ ಬಂದು ಊರಿನ ಮೀಥೇನ್ ಅಳೆಯುವುದು ಎಂತ ಕ್ರಮ ಮಾರಾಯ್ರೆ?

ಎಷ್ಟು ಹೊಗೆ ಬಿಟ್ಟೆವೆಂಬುದನ್ನು ಬಿಟ್ಟವರೇ ಅಳೆದು, ಬರೆದು, ಸಹಿ ಹಾಕಿ ಕೊಡುವುದು ಲೋಕರೂಢಿ. ಯಾರಿಗೂ ಬೇಸರವಿಲ್ಲ. ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಬೆನ್ನಿಗೆ ನಿಂತ ಕ್ಲೈಮೇಟ್ ಟ್ರೇಸ್ ಒಕ್ಕೂಟ ಅದಕ್ಕೂ ಕಲ್ಲು ಹಾಕಿತು. ನೂರಾರು ಉಪಗ್ರಹಗಳ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟು, ಎಲ್ಲಿ ಆವಿ ಏಳುತ್ತಿದೆ, ಎಲ್ಲಿ ಬಿಸಿ ಹೆಚ್ಚಿದೆ ಎಂದು ನೋಡಿಸಿ ಅಂದಾಜು ಕಟ್ಟುತ್ತಾರೆ. 2022ರ ನವೆಂಬರ್‌ನಲ್ಲಿ 70,000ಕ್ಕೂ ಹೆಚ್ಚು ತಾಣಗಳ ಲೆಕ್ಕ ಬಯಲಿಗಿಟ್ಟರು, ಅದೂ ಪುಕ್ಕಟೆ! ಮಾಹಿತಿ ಹಕ್ಕಿನ ಅರ್ಜಿಗೆ ಹಿಂಬರಹ ಬರೆದೇ ನಿವೃತ್ತರಾಗಬೇಕೆಂದಿದ್ದ ಗುಮಾಸ್ತರ ಗತಿ ಏನು?

ನಮ್ಮೂರಿನ ಕಸ ಸುರಿಯುವ ಪಚ್ಚನಾಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬೂತಾಯಿ ಮೀನಿನ ತಲೆ, ಬೊಂಡದ ಚಿಪ್ಪು, ಮದುವೆ ಹಾಲ್‌ನ ಬಾಳೆಲೆ ಎಲ್ಲ ವರ್ಷಗಟ್ಟಲೆ ಬಿದ್ದು, ಅಡಿಯಲ್ಲಿ ಗಾಳಿಯಾಡದೆ ಕೊಳೆತರೆ ಹುಟ್ಟುವುದು ಮೀಥೇನ್. 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿಯೇರಿಸುವ ಅನಿಲ. 2019ರ ಆಗಸ್ಟ್ ಮಳೆಗೆ ಆ ಕಸದ ಗುಡ್ಡವೇ ಜಾರಿ ಪಕ್ಕದ ಮಂದಾರದ ಮನೆ-ತೋಟಗಳ ಮೇಲೆ ಹರಿಯಿತು. 2023ರ ಜನವರಿಯಲ್ಲಿ ಬೆಂಕಿ ಬಿತ್ತು. ಆಸುಪಾಸಿನವರ ಮೂಗು ಅದಕ್ಕೂ ಮೊದಲಿನಿಂದ ವರದಿ ಕೊಡುತ್ತಲೇ ಇತ್ತು. ಮೂಗಿನ ವರದಿಗೆ ಟಪಾಲು ವಿಭಾಗದ ಸೀಲು ಬೀಳುವುದಿಲ್ಲ ನೋಡಿ.

ಬೇಸರಿಸಬೇಡಿ, ನಿಮ್ಮ ಕಣ್ಣೂ ಅಷ್ಟಕ್ಕಷ್ಟೆ. ನಿಮಗೆ ಕಾಣುವ ಒಂದು ಚುಕ್ಕಿಯೆಂದರೆ 5.5 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಪಚ್ಚನಾಡಿಯ ಕಸ, ವಾಮಂಜೂರಿನ ಪೇಟೆ, ಪಿಲಿಕುಳದ ಹುಲಿ ಎಲ್ಲವೂ ಅದರೊಳಗೇ ಬಂದೀತು. ಜಿಎಚ್‌ಜಿಸ್ಯಾಟ್‌ನಂಥ ನಿಮ್ಮ ದಾಯಾದಿಗಳು ಮೀಟರುಗಳ ಲೆಕ್ಕದಲ್ಲಿ ನೋಡುತ್ತಾರೆ, ನಿಜ. ಆದರೆ ಮೋಡ ಮುಚ್ಚಿದರೆ ಅವರೂ ಕುರುಡರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಾನ ಕಾಯುವುದು ಮುಂಗಾರು. ಗುಡ್ಡ ಜಾರಿದ್ದೂ ಅದೇ ಮುಂಗಾರಿನಲ್ಲಿ.

ಹಾಗಾಗಿ ಕೊನೆಯ ವಿನಂತಿ ನಿಮಗಲ್ಲ, ನಮ್ಮ ಮಹಾನಗರ ಪಾಲಿಕೆಗೆ. ನೀವು ಕಾಣದ ತಿಂಗಳುಗಳಲ್ಲೂ ಅಳೆಯುವಂತೆ ಪಚ್ಚನಾಡಿಯ ಬೇಲಿಯ ಬಳಿ ಮೀಥೇನ್ ಮಾಪಕ ಇಡಿಸಲಿ. ಅದರ ಅಂಕಿಯನ್ನು ಲಾಲ್‌ಬಾಗ್‌ನ ಕಚೇರಿ ಬಾಗಿಲಲ್ಲಿ ದಿನಾ ಕನ್ನಡದಲ್ಲಿ ಬರೆಸಲಿ. ಸರಿಯೋ ತಪ್ಪೋ ಎಂದು ಮಂದಾರದವರು ಹೇಳುತ್ತಾರೆ.

ಇತಿ,
ಕುಡ್ಲದ ಒಬ್ಬ ತೆರಿಗೆದಾರ