ಪುಟ್ಟುವಿನ ನಾಲ್ಕು ಪಾಯಿಂಟ್ ಆರು

ಅಂಗಡಿಯಿಂದ ತಂದ ವಸ್ತುವನ್ನು ತಂದ ಹಾಗೇ ಬಳಸಿದರೆ ಕೆಲವರಿಗೆ ಅವಮಾನವಾಗುತ್ತದೆ. ಮಿಕ್ಸಿ ತಂದರೆ ಮೊದಲು ಅದರ ತಳದ ಸ್ಕ್ರೂ ಬಿಚ್ಚಬೇಕು, ಚಟ್ನಿ ಆಮೇಲೆ. ನನ್ನ ಭಾಮೈದ ಪುಟ್ಟು ಈ ಪೈಕಿ. ಪುಟ್ಟು ಎಂದಮಾತ್ರಕ್ಕೆ ಚಿಕ್ಕವನಲ್ಲ, ಬ್ಯಾಂಕಿನಲ್ಲಿ ಅಧಿಕಾರಿ. ದಿನವಿಡೀ ಬೇರೆಯವರ ಸಾಲದ ಅರ್ಜಿಯ ಮೇಲೆ ‘ಇದಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ’ ಎಂದು ಬರೆಯುತ್ತಾನೆ. ಸಂಜೆ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ, ಇಂಟೆಲ್‌ನವರು ಇಷ್ಟೇ ಎಂದು ಬರೆದುಕೊಟ್ಟದ್ದನ್ನು ಸುತರಾಂ ಒಪ್ಪುವುದಿಲ್ಲ.

ಇದು ಅಪ್ಪನಿಂದ ಬಂದದ್ದು. ನಮ್ಮ ಮಾವನವರು ಮೈಸೂರಿನವರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ ಯೆಜ್ಡಿ ಇಟ್ಟಿದ್ದರು. ಭಾನುವಾರ ಬೆಳಗ್ಗೆ ಅಂಗಳದಲ್ಲಿ ಹಳೇ ಪಂಚೆ ಹಾಸಿ ಕಾರ್ಬುರೇಟರ್ ಬಿಚ್ಚಿದರೆ ಸಂಜೆಗೆ ಜೋಡಿಸುತ್ತಿದ್ದರು. ಆ ಗಾಡಿಯ ಮೇಲೆ ಅವರು ಎಲ್ಲಿಗಾದರೂ ಹೋಗಿಬಂದದ್ದನ್ನು ನಾನು ಕಂಡದ್ದು ಕಮ್ಮಿ, ಆಫೀಸಿಗೆ ಬಸ್ಸಿತ್ತು. ಮದುವೆಯಾದಾಗಿನಿಂದ ಪೆಟ್ರೋಲ್ ವಾಸನೆಯ ಪಂಚೆ ಒಗೆದ ನಮ್ಮತ್ತೆಗೆ ಗಂಡಸರ ಈ ಕಾಯಿಲೆಯ ಬಗ್ಗೆ ತಕರಾರೇನೂ ಉಳಿದಿಲ್ಲ. ಬಿಚ್ಚಿಟ್ಟದ್ದನ್ನು ದಾಟಿಕೊಂಡು ಓಡಾಡುತ್ತಾರೆ.

ಪುಟ್ಟುವಿಗೆ ಕಾಯಿಲೆ ತಗುಲಿದ್ದು ಕಾಲೇಜಿನಲ್ಲಿ. 1998ರಲ್ಲಿ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ ಬಂದಿತ್ತು. ಬೋರ್ಡಿನ ಮಿಡಿತ 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು ಓಡಿ 300. ಮಿಡಿತವನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 450ಕ್ಕೆ ಓಡುತ್ತಿತ್ತು. ಬೋರ್ಡು ಹಟ ಮಾಡಿದರೆ ಚಿಪ್ಪಿನ ಅಂಚಿನಲ್ಲಿ ಬಿ21 ಎಂಬ ಒಂದೇ ಒಂದು ಸಂಪರ್ಕವನ್ನು ಮುಚ್ಚಿದರಾಯಿತು. ಕೆಲವರು ಟೇಪು ಅಂಟಿಸುತ್ತಿದ್ದರು, ಕೆಲವರು ಉಗುರಿನ ಬಣ್ಣ ಬಳಿಯುತ್ತಿದ್ದರು. ಪುಟ್ಟು ಎರಡನೆಯ ಪಂಥದವನು. ಸೂಜಿಮೊನೆಯಷ್ಟು ಬಣ್ಣ ಬೇಕಿದ್ದದ್ದಕ್ಕೆ ಅಕ್ಕನ ಸೀಸೆಯನ್ನೇ ಹೇಳದೆ ಕೇಳದೆ ಒಯ್ದ. ನಮ್ಮ ಆರತಕ್ಷತೆಯ ಫೋಟೋಗಳಲ್ಲಿ ನನ್ನ ಹೆಂಡತಿಯ ಎಡಗೈ ಉಗುರಿಗೆ ಬಣ್ಣವಿದೆ, ಬಲಗೈಗೆ ಇಲ್ಲ. ಆ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಎತ್ತುವ ಹಾಗಿಲ್ಲ.

ಈಗ ಹೇಳಹೊರಟದ್ದು 2011ರ ಡಿಸೆಂಬರಿನ ಸಂಗತಿ. ಆ ವರ್ಷದ ಆರಂಭದಲ್ಲಿ ಬಂದ ಐ5 2500ಕೆ ಚಿಪ್ಪನ್ನು ಪುಟ್ಟು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಶನಿವಾರ ಚೌಕಾಸಿ ಮಾಡಿ ಕೊಂಡ. ಹೆಸರಿನ ಬಾಲದಲ್ಲಿ ‘ಕೆ’ ಇದ್ದರೆ ಗುಣಕಕ್ಕೆ ಬೀಗ ಹಾಕಿಲ್ಲವೆಂದು ಅರ್ಥ. ಮೂಲ ಮಿಡಿತ 100. ಅದನ್ನು 33ರಿಂದ ಗುಣಿಸಿದರೆ ಕಂಪನಿಯ 3.3 ಗಿಗಾಹರ್ಟ್ಸ್, 46ರಿಂದ ಗುಣಿಸಿದರೆ ಪುಟ್ಟುವಿನ 4.6. ಇಷ್ಟು ವೇಗದಲ್ಲಿ ಅವನು ಮಾಡುತ್ತಿದ್ದ ಕೆಲಸ, ತಿಂಗಳಿಗೊಮ್ಮೆ ನೀರಿನ ಬಿಲ್ಲು ಕಟ್ಟುವುದು. ಆಟಗೀಟ ಆಡುವವನಲ್ಲ. ‘ಮತ್ತೆ ಯಾಕೋ ಇದೆಲ್ಲ?’ ಎಂದು ಒಮ್ಮೆ ಕೇಳಿದ್ದೆ. ‘ಭಾವ, ನೀವು ಬೆಳಗ್ಗೆ ವಾಕಿಂಗ್ ಹೋಗ್ತೀರಲ್ಲ, ಎಲ್ಲಿಗೆ ಹೋಗ್ತೀರಿ?’ ಎಂದ. ಆಮೇಲೆ ನಾನು ಕೇಳಲಿಲ್ಲ.

ಹೀಗೆ ಸಂಖ್ಯೆ ಏರಿಸುವುದಕ್ಕೆ ಓವರ್‌ಕ್ಲಾಕು ಎನ್ನುತ್ತಾರೆ. ಏರಿಸುವುದು ದೊಡ್ಡ ವಿಷಯವಲ್ಲ. ಮಷೀನು ಆನ್ ಮಾಡಿ ಡಿಲೀಟ್ ಗುಂಡಿ ಕುಟ್ಟುತ್ತಾ ಬಯೋಸ್ ಒಳಗೆ ನುಗ್ಗಿದರೆ ಯಾರು ಬೇಕಾದರೂ ಏರಿಸಬಹುದು. ಏರಿಸಿದ್ದು ನಿಲ್ಲಬೇಕಲ್ಲ? ನಿಂತಿತೋ ಇಲ್ಲವೋ ನೋಡಲು ಪ್ರೈಮ್95 ಎಂಬ ತಂತ್ರಾಂಶವಿದೆ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಗಣಿತದವರು ಕಟ್ಟಿಕೊಂಡದ್ದು. ಅದರೊಳಗೆ ‘ಚಿತ್ರಹಿಂಸೆ ಪರೀಕ್ಷೆ’ ಎಂದೇ ಹೆಸರಿಟ್ಟ ಒಂದು ವಿಭಾಗ ಉಂಟು. ಅಲ್ಲಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನೇ ಚಿಪ್ಪಿನ ಕೈಯಲ್ಲಿ ಬಿಡುವಿಲ್ಲದೆ ಮಾಡಿಸುತ್ತಾರೆ, ನಮ್ಮ ಕಾಲದ ಮಗ್ಗಿ ಮೇಷ್ಟರ ಹಾಗೆ. ನಾಲ್ಕು ಕೋರುಗಳಿಗೂ ನಾಲ್ಕು ಕಿಟಕಿ. ಯಾವುದೋ ಒಂದು ಕೋರು ತೂಕಡಿಸಿತೋ, ಕೆಂಪು ದೀಪದೊಂದಿಗೆ ಸಂದೇಶ ಬರುತ್ತದೆ: ಅಂದಾಜಿನ ತಪ್ಪು 0.4ಕ್ಕಿಂತ ಕಡಿಮೆ ಇರಬೇಕಿತ್ತು, 0.5 ಬಂದಿದೆ. ಆ ಹತ್ತನೇ ಒಂದು ಭಾಗಕ್ಕಾಗಿ ಪುಟ್ಟು ಊಟ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.

ಡಿಸೆಂಬರಿನಲ್ಲಿ 4.6 ನಿಂತಿತು. ಇಡೀ ರಾತ್ರಿ ಓಡಿತು. 1.32 ವೋಲ್ಟು, ಉಷ್ಣತೆ 70ರ ಆಸುಪಾಸು. ಪುಟ್ಟು ಮೈಸೂರ್‌ಪಾಕು ಹಂಚಿದ. ಗಂಡುಮಗು ಹುಟ್ಟಿರಬೇಕೆಂದು ಪಕ್ಕದ ಮನೆಯವರು ನೋಡಲು ಬಂದರು.

ಸಂಕ್ರಾಂತಿಗೆ ಎಳ್ಳುಬೆಲ್ಲದ ಡಬ್ಬಿಯೊಂದಿಗೆ ಅತ್ತೆ ಮೈಸೂರಿನಿಂದ ಬಂದರು, ನಾಲ್ಕಾರು ತಿಂಗಳು ಮಗನ ಮನೆಯಲ್ಲಿರಲು. ಅದೇ ವಾರ ಓವರ್‌ಕ್ಲಾಕು ಬಿತ್ತು.

ಬಿದ್ದ ರೀತಿ ವಿಚಿತ್ರ. ಹಗಲು ಹೊತ್ತು ಓಡಿಸಿದರೆ ಸಂಜೆತನಕ ಚೊಕ್ಕವಾಗಿ ಓಡುತ್ತದೆ. ರಾತ್ರಿ ಮಲಗುವ ಮುಂಚೆ ಹಚ್ಚಿಟ್ಟರೆ ಬೆಳಗ್ಗೆ ಎದ್ದಾಗ ನೀಲಿ ಪರದೆ. ಚಳಿಯಲ್ಲಿ ಸಾಯುತ್ತದೆ, ಬಿಸಿಲಲ್ಲಿ ಬದುಕುತ್ತದೆ! ಪುಟ್ಟು ನೋಟ್‌ಬುಕ್ ತೆಗೆದ. ಅತ್ತೆ ರಾಮಕೋಟಿ ಬರೆಯಲು ಡಜನ್ ಲೆಕ್ಕದಲ್ಲಿ ತರಿಸುವ ಉದ್ದನೆಯ ನೋಟ್‌ಬುಕ್ಕುಗಳಲ್ಲೇ ಒಂದು. ಊಟದ ಮೇಜಿನ ಆ ತುದಿಯಲ್ಲಿ ತಾಯಿ ಶ್ರೀರಾಮ ಶ್ರೀರಾಮ ಎಂದು ಬರೆಯುತ್ತಿದ್ದರೆ, ಈ ತುದಿಯಲ್ಲಿ ಮಗ 1.325, 1.330, 1.335 ಎಂದು ಬರೆಯುತ್ತಿದ್ದ. ದೂರದಿಂದ ನೋಡಿದರೆ ಇಬ್ಬರ ಮುಖದಲ್ಲೂ ಒಂದೇ ಭಕ್ತಿ.

ನೀಲಿ ಪರದೆಯಲ್ಲಿ ಕಾಣುವ ಸಂಕೇತಗಳನ್ನು ಈ ಜಾತಿಯವರು ಜ್ವರದ ಹಾಗೆ ಓದುತ್ತಾರೆ. ಕೊನೆಗೆ 101 ಎಂದಿದ್ದರೆ ಒಂದು ಕೋರು ಹೊತ್ತಿಗೆ ಸರಿಯಾಗಿ ಓಗೊಡಲಿಲ್ಲ, ವೋಲ್ಟೇಜು ಸಾಲದು. 124 ಎಂದಿದ್ದರೆ ಯಂತ್ರಾಂಶದಲ್ಲೇ ಎಡವಟ್ಟು. ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಪುಟ್ಟು, ‘ರಾತ್ರಿ ಮತ್ತೆ ನೂರಾಒಂದು ಬಂದಿತ್ತಮ್ಮ’ ಎಂದ. ಅತ್ತೆ ಓಡಿಬಂದು ಹಣೆ ಮುಟ್ಟಿ ನೋಡಿದರು. ‘ಈಗಿಲ್ಲ ಬಿಡು, ಬೆವರಿ ಇಳಿದಿದೆ’ ಎಂದು ಮೆಣಸಿನ ಕಷಾಯ ಕುಡಿಸಿದರು. ಕುಡಿದೇ ಬ್ಯಾಂಕಿಗೆ ಹೋದ.

ಅವನು ಮಾಡದ ಚಿಕಿತ್ಸೆಯಿಲ್ಲ. ಮೊದಲು ವೋಲ್ಟೇಜು ಏರಿಸಿದ. 1.32 ಇದ್ದದ್ದು ಮೆಟ್ಟಿಲು ಮೆಟ್ಟಿಲಾಗಿ 1.38ಕ್ಕೆ ಬಂತು. ಇಲ್ಲೊಂದು ಹಿಕ್ಮತ್ತಿದೆ. ಶಾಖ ಏರುವುದು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ. ಈ ಆರು ಕಾಸಿನ ಏರಿಕೆಗೇ ನೂರಕ್ಕೆ ಒಂಬತ್ತು ಪಾಲು ಶಾಖ ಹೆಚ್ಚುತ್ತದೆ. ರಾತ್ರಿ ನಾಲ್ಕು ಗಂಟೆಗೆ ಬೀಳುತ್ತಿದ್ದದ್ದು ಈಗ ಒಂದು ಗಂಟೆಗೇ ಬೀಳತೊಡಗಿತು. ಹೊರೆ ಹೊತ್ತ ಕೂಲಿಯವನ ಮಂಡಿಯ ಹಾಗೆ, ಕೆಲಸ ಬಿದ್ದಾಗ ವೋಲ್ಟೇಜೂ ಒಂದಿಷ್ಟು ಜಗ್ಗುತ್ತದೆ. ಅದಕ್ಕೆ ಆನಿಕೆ ಕೊಡುವ ಲೋಡ್‌ಲೈನ್ ಎಂಬ ವ್ಯವಸ್ಥೆಯನ್ನು ಬಿಗಿ ಮಾಡಿದ. ರ‍್ಯಾಮು ಬದಲಾಯಿಸಿ ನೋಡಿದ. ಹೀಟ್‌ಸಿಂಕ್ ಕಿತ್ತು ಪೇಸ್ಟು ಹೊಸದಾಗಿ ಹಾಕಿದ. ಬಟಾಣಿ ಕಾಳಿನಷ್ಟು ಹಾಕಿ ಒತ್ತಿದರೆ ಸಾಕು; ಅವನು ಒಬ್ಬಟ್ಟಿಗೆ ತುಪ್ಪ ಸವರಿದಂತೆ ಸವರಿ, ಸಮಾಧಾನವಾಗದೆ ಒರೆಸಿ, ಮತ್ತೆ ಬಟಾಣಿಗೆ ಬಂದ. ಒಂದು ರಾತ್ರಿ ಮಷೀನು ಏಳಲೇ ಇಲ್ಲ. ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನು ಕಿತ್ತು, ಅಂಗೈಯಲ್ಲಿ ಹಿಡಿದುಕೊಂಡು ಹತ್ತು ನಿಮಿಷ ಕೂತಿದ್ದ. ಹೀಗೆ ಮಾಡಿದರೆ ಬೋರ್ಡು ಹಿಂದಿನದನ್ನೆಲ್ಲ ಮರೆಯುತ್ತದಂತೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು, ‘ಇವರಿಗೂ ಅಂಥದ್ದೊಂದು ಎಲ್ಲಾದರೂ ಇದೆಯಾ ನೋಡಿ ಅಣ್ಣ’ ಎಂದು ನನ್ನನ್ನು ಕೇಳಿದಳು.

ಅಷ್ಟರಲ್ಲಿ ಅವನ ನೋಟ್‌ಬುಕ್ಕಿನಲ್ಲಿ ಒಂದು ಸುಳಿವು ಎದ್ದುಕಂಡಿತು. ದಿನಾ ರಾತ್ರಿ ಹತ್ತೂವರೆಯ ಸುಮಾರಿಗೆ ಉಷ್ಣತೆ ಮೇಲೇರಲು ಹತ್ತುತ್ತದೆ. ಪುಟ್ಟು ಕುಣಿದಾಡಿದ. ‘ಭಾವ, ಸಿಕ್ತು! ಹತ್ತು ಗಂಟೆ ಮೇಲೆ ಏರಿಯಾದೋರೆಲ್ಲ ಲೈಟ್ ಆಫ್ ಮಾಡ್ತಾರೆ. ಲೈನಲ್ಲಿ ವೋಲ್ಟೇಜ್ ಜಾಸ್ತಿ ಆಗತ್ತೆ. ಅದೇ ಹೊಡೀತಿರೋದು!’ ಎಸ್‌ಎಂಪಿಎಸ್ ಇರುವುದೇ ಇಂಥದ್ದನ್ನು ತಡೆಯಲಿಕ್ಕಲ್ಲವೇ ಎಂದರೆ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಶಿವರಾತ್ರಿ ಬಂತು. ಮನೆಯವರೆಲ್ಲ ಉಪವಾಸ, ಜಾಗರಣೆ. ಅತ್ತೆ ದೇವರ ಮನೆಯಲ್ಲಿ, ಪುಟ್ಟು ಪ್ರೈಮ್95ರ ಮುಂದೆ. ಅಲ್ಲಿ ನಾಲ್ಕು ಯಾಮದ ಪೂಜೆ, ಇಲ್ಲಿ ನಾಲ್ಕು ಕೋರಿನ ಸೇವೆ. ಬೆಳಗಿನ ತನಕ ಒಂದು ಕೋರೂ ಕಣ್ಣು ಮುಚ್ಚಲಿಲ್ಲ! ‘ನೋಡಿದ್ರಾ? ಇವತ್ತು ಊರೆಲ್ಲಾ ಎದ್ದಿತ್ತು, ಎಲ್ಲರ ಮನೇಲೂ ಲೈಟು. ವೋಲ್ಟೇಜ್ ಏರಲೇ ಇಲ್ಲ’ ಎಂದು ಕೆಂಪು ಕಣ್ಣುಗಳಿಂದ ಸಾಧಿಸಿದ. ಮಾರನೆಯ ರಾತ್ರಿ ಊರು ಮಲಗಿತು, ಮಷೀನೂ ಮಲಗಿತು. ಸಿದ್ಧಾಂತ ರುಜುವಾತಾದ ಹಾಗೇ. ಆ ಶನಿವಾರವೇ ಎಸ್.ಪಿ. ರೋಡಿಗೆ ಹೋಗಿ ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಒಂದು ದೊಡ್ಡ ಯುಪಿಎಸ್ ತಂದ. ಅಂದು ರಾತ್ರಿ ಯುಪಿಎಸ್ ನಿಂತಿತು, ಓವರ್‌ಕ್ಲಾಕು ನಿಲ್ಲಲಿಲ್ಲ.

ಮುಂದಿನ ವಾರ ನನಗೆ ಅಲ್ಲಿ ಉಳಿಯುವ ಪ್ರಸಂಗ ಬಂತು. ಹಾಲಿನಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ ಹಾಸಿಗೆ. ಪುಟ್ಟು ಪರೀಕ್ಷೆ ಹಚ್ಚಿಟ್ಟು ಒಳಗೆ ಹೋದ. ಫ್ಯಾನುಗಳು ಗುಂಯ್‌ಗುಡುತ್ತಿದ್ದವು. ನಿದ್ದೆ ಹತ್ತುವ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ ಮೆಲ್ಲಗೆ ಬಂದರು. ಕೈಯಲ್ಲಿ ನಾಲ್ಕು ಮಡಿಕೆಯ ಟರ್ಕಿ ಟವೆಲ್ಲು. ಅದನ್ನು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ, ಬಿಸಿಗಾಳಿ ಹೊರಹೋಗುವ ಜಾಲರಿಯನ್ನು ಪೂರಾ ಮುಚ್ಚುವಂತೆ ನೀಟಾಗಿ ಹಾಸಿದರು. ಒಳಗೆ ಹೋಗಿ, ತಟ್ಟೆ ಮುಚ್ಚಿದ ದೊಡ್ಡ ಸ್ಟೀಲ್ ಡಬರಿ ತಂದು ಅದರ ಮೇಲೆ ಕೂರಿಸಿದರು. ಗೋಡೆಗಡಿಯಾರದಲ್ಲಿ ಹತ್ತೂವರೆ.

‘ಏನತ್ತೆ ಅದು?’

‘ಎದ್ದಿದೀರಾ? ಇಡ್ಲಿ ಹಿಟ್ಟು ಕಣ್ರಿ. ನಿಮ್ಮ ಬೆಂಗಳೂರಿನ ಥಂಡಿಗೆ ಹುದುಗೇ ಬರಲ್ಲ. ಇಲ್ಲಿಟ್ಟರೆ ಬೆಳಗ್ಗೆ ಹೊತ್ತಿಗೆ ಉಕ್ಕಿರುತ್ತೆ ನೋಡಿ. ಹಿಟ್ಟಿಲ್ಲದ ದಿನ ಹಾಲಿಗೆ ಹೆಪ್ಪು ಹಾಕಿ ಇಡ್ತೀನಿ. ಪುಟ್ಟೂ ಡಬ್ಬಕ್ಕೆ ಗೀರಾಗಬಾರದಲ್ಲ, ಅದಕ್ಕೇ ಟವೆಲ್ಲು.’ ಬೆಳಗ್ಗೆ ಐದಕ್ಕೆಲ್ಲ ಎತ್ತಿಬಿಡುತ್ತಾರಂತೆ. ಸಂಕ್ರಾಂತಿಯ ಮಾರನೆಯ ದಿನದಿಂದ ಒಂದು ರಾತ್ರಿಯೂ ತಪ್ಪಿಲ್ಲ. ಶಿವರಾತ್ರಿ ಉಪವಾಸ ನೋಡಿ, ಅವತ್ತೊಂದು ದಿನ ಇಟ್ಟಿರಲಿಲ್ಲ.

ನಾನು ತಕ್ಷಣ ಪುಟ್ಟುವನ್ನು ಎಬ್ಬಿಸಬೇಕಿತ್ತು ಎನ್ನುತ್ತೀರಿ. ಬೆಳಗ್ಗೆ ಎಬ್ಬಿಸೋಣವೆಂದುಕೊಂಡೆ. ಬೆಳಗ್ಗೆ ಆ ಇಡ್ಲಿ ತಿಂದೆ. ಮಲ್ಲಿಗೆಯ ಹಾಗಿತ್ತು. ಸಂಕ್ರಾಂತಿಯಿಂದೀಚೆಗೆ ಅವರ ಮನೆಯ ಇಡ್ಲಿ ಏಕಾಏಕಿ ಸುಧಾರಿಸಿದ್ದನ್ನು ನಾನೂ ಗಮನಿಸಿದ್ದೆ, ಕಾರಣ ಅಕ್ಕಿಯದೆಂದುಕೊಂಡಿದ್ದೆ. ಮುಂದೆ ಎರಡು ಭಾನುವಾರ ಬೆಳಗ್ಗೆ ಏನೋ ನೆಪ ತೆಗೆದು ಅಲ್ಲಿಗೆ ಹೋದೆ, ಹೇಳಲಿಲ್ಲ. ಮೂರನೆಯ ಭಾನುವಾರ ಪುಟ್ಟು ಬೋರ್ಡನ್ನೇ ಬದಲಾಯಿಸಲು ದುಡ್ಡು ಎಣಿಸುತ್ತಿದ್ದ. ಆಗ ಹೇಳಿದೆ.

ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಸುಮ್ಮನೆ ಎದ್ದುಹೋಗಿ ಟವೆಲ್ಲನ್ನು ಮೂಸಿ ನೋಡಿದ. ಆ ರಾತ್ರಿ ಡಬರಿ ಅಡುಗೆಮನೆಯಲ್ಲೇ ಉಳಿಯಿತು. ವೋಲ್ಟೇಜು ಮತ್ತೆ 1.32ಕ್ಕೆ ಇಳಿಯಿತು. 4.6 ಒಂದು ಹಗಲು ಒಂದು ರಾತ್ರಿ ಮಿಸುಕದೆ ಓಡಿತು. ಈ ಸಲ ಮೈಸೂರ್‌ಪಾಕು ಇರಲಿಲ್ಲ. ಎರಡು ದಿನ ಪುಟ್ಟು ಮನೆಯಲ್ಲಿ ಕಳೆದುಕೊಂಡವನ ಹಾಗೆ ತಿರುಗಿದ. ನೋಟ್‌ಬುಕ್ಕು ತೆರೆಯುವುದು, ಬರೆಯಲು ಏನೂ ಇಲ್ಲದೆ ಮುಚ್ಚುವುದು. ಇತ್ತ ಇಡ್ಲಿ ಕಲ್ಲಾಗಿತ್ತು, ಆದರೆ ಅತ್ತೆ ಚಕಾರವೆತ್ತಲಿಲ್ಲ.

ಮೂರನೆಯ ರಾತ್ರಿ ಅವನೇ ಅಡುಗೆಮನೆಗೆ ಹೋಗಿ, ‘ಅಮ್ಮಾ, ಹಿಟ್ಟು ಎಷ್ಟು ಲೀಟರು?’ ಎಂದು ಕೇಳಿದನಂತೆ.

ಈಗ ಅವನ ನೋಟ್‌ಬುಕ್ಕಿನಲ್ಲಿ ವೇಗ, ವೋಲ್ಟು, ಉಷ್ಣತೆಗಳ ಪಕ್ಕದಲ್ಲಿ ಒಂದು ಹೊಸ ಕಾಲಮ್ಮು ಗೆರೆ ಎಳೆದುಕೊಂಡು ಕೂತಿದೆ: ‘ಹಿಟ್ಟು ಸಹಿತ’. 4.6 ಹಿಟ್ಟು ಸಹಿತ ನಿಲ್ಲುವುದಿಲ್ಲ. 4.5, ಅನುಮಾನ. 4.4ಕ್ಕೆ 1.27 ವೋಲ್ಟು ಕೊಟ್ಟರೆ ಬೆಳಗಿನ ಐದರ ತನಕ ನಿಲ್ಲುತ್ತದೆ, ಎರಡು ಲೀಟರ್ ಹಿಟ್ಟಿಗೆ. ಮೂರು ಲೀಟರಿನ ಪರೀಕ್ಷೆ ನಡೆಯುತ್ತಿದೆ; ನೆಂಟರು ಬಂದರೆ ಬೇಕಾಗುತ್ತದಲ್ಲ. ಅತ್ತೆಯ ಅಭಿಪ್ರಾಯವನ್ನೂ ಕೇಳಿದೆ. ರಾಮಕೋಟಿಯಿಂದ ತಲೆಯೆತ್ತದೆ ಹೇಳಿದರು: ‘ನಾಲ್ಕೂ ನಾಲ್ಕೇ ಸರಿ ಕಣ್ರಿ. ನಾಲ್ಕೂ ಆರಕ್ಕೆ ಹುಳಿ ಬರುತ್ತೆ.’