ಬಿಲ್ ಇಲ್ಲದ ಸರಕು

ಸರ್ಕಾರಿ ಶಾಲೆಗಳಿಗೆ ಮುಕ್ತ ತಂತ್ರಾಂಶ ಮುಟ್ಟಿಸಲು ಹೊರಟಿರುವ ಮಿತ್ರರಲ್ಲಿ ಒಂದು ವಿನಂತಿ. ದಯವಿಟ್ಟು ಅದನ್ನು ಪುಕ್ಕಟೆ ಕೊಡಬೇಡಿ. ಪುಕ್ಕಟೆ ಬಂದದ್ದಕ್ಕೆ ಬಿಲ್ ಇರುವುದಿಲ್ಲ. ಬಿಲ್ ಇಲ್ಲದ್ದು ದಾಸ್ತಾನು ವಹಿಗೆ ಏರುವುದಿಲ್ಲ. ವಹಿಯಲ್ಲಿಲ್ಲದ ಸರಕು ಶಾಲೆಯ ಕಂಪ್ಯೂಟರಿನಲ್ಲಿದೆ ಎಂದರೆ ಹೆಡ್‌ಮಾಸ್ಟರಿಗೆ ಆಡಿಟ್‌ನವರ ಮುಖ ನೆನಪಾಗಿ ನಿದ್ದೆ ಬರುವುದಿಲ್ಲ.

ಅದೇ ಕಂಪ್ಯೂಟರಿನಲ್ಲಿರುವ ವಿಂಡೋಸ್ ಎಲ್ಲಿಂದ ಬಂತು ಅಂತೀರಾ? ಪೇಟೆಯ ರಿಪೇರಿ ಹುಡುಗ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಹೋದದ್ದು. ‘ಆಕ್ಟಿವೇಟ್ ವಿಂಡೋಸ್’ ಎಂದು ಪರದೆಯ ಬಲ ಮೂಲೆಯಲ್ಲಿ ಮಸುಕಾಗಿ ಮೂಡುವ ಸಾಲನ್ನು ಮಕ್ಕಳು ಸುಭಾಷಿತದಂತೆ ಓದಿಕೊಂಡೇ ದೊಡ್ಡವರಾಗುತ್ತಿದ್ದಾರೆ. ನಕಲು ಹೊಡೆಯುವುದು ಮಹಾಪರಾಧವೆಂಬ ಪರೀಕ್ಷಾ ಸೂಚನೆ ಟೈಪಾಗುವುದೂ ಆ ಪರದೆಯ ಮೇಲೆಯೇ.

ಇನ್ನು ನಿಮ್ಮ ತರಬೇತಿ. ಬಿಆರ್‌ಸಿ ಹಾಲ್‌ನಲ್ಲಿ ಓಓಡಿ (ಅನ್ಯ ಕರ್ತವ್ಯ) ಮೇಲೆ ಬಂದ ಮೇಷ್ಟ್ರುಗಳು, ಎದುರಿಗೆ ಬಿಸ್ಕತ್ತು, ವೇದಿಕೆಯ ಮೇಲೆ ಸಂಪನ್ಮೂಲ ವ್ಯಕ್ತಿ. ಮುಕ್ತ ತಂತ್ರಾಂಶ ಕೊಡುವ ನಾಲ್ಕು ಸ್ವಾತಂತ್ರ್ಯಗಳ ಪ್ರವಚನ ಶುರುವಾಗುತ್ತದೆ. ಎಣಿಕೆ ಸೊನ್ನೆಯಿಂದ! ಗಣಿತದ ಮೇಡಂ ಹುಬ್ಬು ಅಲ್ಲೇ ಏರುತ್ತದೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಮುಗಿಸಿ ಪಾಠ ಮಾಡುವ ಸ್ವಾತಂತ್ರ್ಯವೂ ಇಲ್ಲದ ಮೇಷ್ಟ್ರು, ಸೋರ್ಸ್ ಕೋಡ್ ತಿದ್ದುವ ಸ್ವಾತಂತ್ರ್ಯವನ್ನು ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳುತ್ತಾರೆ: “ಸಾರ್, ಇದ್ರಲ್ಲಿ ನುಡಿ ಬರುತ್ತಾ?”

ಯುನಿಕೋಡ್ ಬಳಸಿ ಎಂದು ಸರ್ಕಾರ ಹೇಳಿದ್ದು 2012ರಲ್ಲಿ. ಮೇಲಿನ ಕಚೇರಿಯಿಂದ ಬರುವ ನಮೂನೆ ಮಾತ್ರ ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಇರುತ್ತದೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಹಾಳೆ ತುಂಬ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. “ಸಂಜೆ ಐದರೊಳಗೆ ಭರ್ತಿ ಮಾಡಿ ಕಳಿಸಿ” ಎಂಬ ಫೋನ್ ಬೇರೆ. ಸಂಪನ್ಮೂಲ ವ್ಯಕ್ತಿ ಗಂಟಲು ಸರಿಪಡಿಸಿಕೊಂಡು ಎರಡನೇ ಸ್ವಾತಂತ್ರ್ಯಕ್ಕೆ ಮರಳುತ್ತಾರೆ.

ಊಟವಾದ ಮೇಲೆ ಯಾರೋ ಸುಮ್ಮನೆ ಗಣಿತದ ತಂತ್ರಾಂಶ ಜಿಯೊಜೀಬ್ರಾ ತೆರೆದು ತ್ರಿಭುಜದ ಒಂದು ತುದಿ ಹಿಡಿದು ಎಳೆಯುತ್ತಾರೆ. ತ್ರಿಭುಜ ಉದ್ದವಾಗುತ್ತದೆ, ಚಪ್ಪಟೆಯಾಗುತ್ತದೆ, ಮಗುಚಿಕೊಳ್ಳುತ್ತದೆ. ಕೋನಗಳ ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಜಗ್ಗುವುದಿಲ್ಲ. ಮೇಡಂ ಮೊಬೈಲ್ ಕೆಳಗಿಟ್ಟು ಎದ್ದು ಮುಂದೆ ಬರುತ್ತಾರೆ. ಇಡೀ ದಿನದಲ್ಲಿ ನಡೆದ ಪ್ರಚಾರವೆಂದರೆ ಅದಿಷ್ಟೇ. ಅಷ್ಟರಲ್ಲಿ ಗ್ರೂಪ್ ಫೋಟೊಗೆ ಕರೆ.

ಪಕ್ಕದ ಕೇರಳದವರು 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಶುರುಮಾಡಿದರು. ಆಮೇಲೆ ಹತ್ತನೇ ತರಗತಿಯ ಐಟಿ ಪರೀಕ್ಷೆಯನ್ನೇ ಮುಕ್ತ ತಂತ್ರಾಂಶವಾದ ಲಿನಕ್ಸ್ ಮೇಲೆ ತಂದು ಕೂರಿಸಿದರು. ಪರೀಕ್ಷೆಗೆ ಬಂದ ವಿಷಯಕ್ಕೆ ಪ್ರವಚನ ಬೇಕಾಗುವುದಿಲ್ಲ. ನಮ್ಮಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಹೈಸ್ಕೂಲ್ ಮೇಷ್ಟ್ರುಗಳು ಉಬುಂಟು ಕಲಿತರು, ಪಾಠಗಳನ್ನು ತಾವೇ ತಯಾರಿಸಿ ಹಂಚಿಕೊಂಡರು. ಕಲಿತು ಬಂದವರಿಗೆ ಲ್ಯಾಬಿನ ಬೀಗದಕೈ ಸಿಗಬೇಕಲ್ಲ!

ಆದ್ದರಿಂದ ಬೆಲೆ ಕಟ್ಟಿ. ಇದೇನೂ ಸಿದ್ಧಾಂತದ್ರೋಹವಲ್ಲ. ಮುಕ್ತ ತಂತ್ರಾಂಶದ ಜಿಪಿಎಲ್ ಲೈಸೆನ್ಸು ಯಾವ ಬೆಲೆಗಾದರೂ ಮಾರಬಹುದೆನ್ನುತ್ತದೆ. ಈ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರಿ ಹೊಟ್ಟೆ ಹೊರೆದವರು. ನೀವೂ ಹೊಳೆಯುವ ಡಬ್ಬಿ ಮಾಡಿಸಿ, ಜಿಎಸ್‌ಟಿ ಹಾಕಿ, ಟೆಂಡರ್ ಕರೆಸಿ. ವಾರ್ಷಿಕ ನಿರ್ವಹಣಾ ಶುಲ್ಕ ಮರೆಯಬೇಡಿ. ಅದಿಲ್ಲದಿದ್ದರೆ ಕಂಪನಿ ನಿಯತ್ತಿನದಲ್ಲವೆಂಬ ಸಂಶಯ ಬರುತ್ತದೆ. ಶಾಸಕರಿಂದ ಉದ್ಘಾಟನೆ, ಶಾಲು, ಹಾರ. ಡಬ್ಬಿಯ ಮೇಲೆ ‘ಅನಧಿಕೃತ ನಕಲು ನಿಷಿದ್ಧ’ ಎಂದು ಕೆಂಪಕ್ಷರದಲ್ಲಿ ಬರೆಸಿ. ಲೈಸೆನ್ಸು ಅದನ್ನೊಪ್ಪುವುದಿಲ್ಲ, ನಿಜ. ಆದರೆ ಪ್ರಚಾರ ಮಾಡುವುದು ಆ ಸಾಲೇ.

ತಿಂಗಳೊಳಗೆ ರಿಪೇರಿ ಹುಡುಗ ಅದನ್ನು ಕದ್ದು ಪೆನ್‌ಡ್ರೈವ್‌ಗೆ ಹಾಕಿಕೊಂಡು ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತುತ್ತಾನೆ. “ದುಬಾರಿ ಸಾಫ್ಟ್‌ವೇರು ಮೇಷ್ಟ್ರೆ, ನಿಮಗೆ ಅಂತ ಇನ್ನೂರು ರೂಪಾಯಿ, ಯಾರಿಗೂ ಹೇಳಬೇಡಿ” ಎನ್ನುತ್ತಾನೆ. ಅದು ಪೂರ್ತಿ ಕಾನೂನುಬದ್ಧವೆಂದು ಅವನಿಗೆ ಯಾರೂ ಹೇಳದಂತೆ ನೋಡಿಕೊಳ್ಳಿ.